ಬಟಾಣಿ, ಮೊಟ್ಟೆ, ಮಣ್ಣೆತ್ತು: ಮಕ್ಕಳ ಕೈಕೆಲಸದ ಚರಿತ್ರೆ



ಇಂದು ರಾತ್ರಿ ಮಲಗುವ ಮುನ್ನ ಒಂದು ಹಿಡಿ ಒಣ ಬಟಾಣಿಯನ್ನು ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಕಾಳುಗಳನ್ನು ಸ್ವಲ್ಪ ಹೊತ್ತು ಬಟ್ಟೆಯ ಮೇಲೆ ಹರಡಿ. ಹಲ್ಲುಕಡ್ಡಿ ಸಿಕ್ಕರೆ ಸರಿ, ಇಲ್ಲದಿದ್ದರೆ ತೆಂಗಿನ ಪೊರಕೆಯ ಕಡ್ಡಿಯನ್ನೇ ಬೆರಳುದ್ದಕ್ಕೆ ಮುರಿದುಕೊಳ್ಳಿ. ನಾಲ್ಕು ಕಡ್ಡಿ, ನಾಲ್ಕು ಬಟಾಣಿ ಸೇರಿಸಿ ಒಂದು ಚೌಕ ಮಾಡಿ. ಮೂರು ಕಡ್ಡಿ, ಮೂರು ಬಟಾಣಿಯಿಂದ ಒಂದು ತ್ರಿಕೋನ ಮಾಡಿ. ಚೌಕದ ಮೂಲೆಯನ್ನು ಮೆಲ್ಲಗೆ ತಳ್ಳಿದರೆ ಅದು ವಾಲುತ್ತದೆ. ತ್ರಿಕೋನವನ್ನು ಎಷ್ಟು ತಳ್ಳಿದರೂ ಅದು ತನ್ನ ಆಕಾರ ಬಿಡುವುದಿಲ್ಲ. ಒಂದೆರಡು ದಿನ ಹಾಗೆಯೇ ಇಟ್ಟರೆ ಬಟಾಣಿ ಒಣಗಿ, ಸುಕ್ಕುಗಟ್ಟಿ, ಕಡ್ಡಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಅಂಟೂ ಬೇಡ, ದಾರವೂ ಬೇಡ. ರೈಲ್ವೆ ಸೇತುವೆಗಳಲ್ಲಿ, ವಿದ್ಯುತ್ ತಂತಿ ಹೊತ್ತ ಗೋಪುರಗಳಲ್ಲಿ, ಮನೆಯ ಛಾವಣಿಯ ತೊಲೆಗಳಲ್ಲಿ ಎಲ್ಲೆಲ್ಲೂ ತ್ರಿಕೋನಗಳೇ ಏಕೆ ಕಾಣುತ್ತವೆ ಎಂಬುದು ನಿಮ್ಮ ಬೆರಳಿಗೆ ಈಗ ಗೊತ್ತಾಗಿದೆ. ಪಠ್ಯಪುಸ್ತಕಕ್ಕೆ ಇದನ್ನು ಹೇಳಲು ಒಂದು ಅಧ್ಯಾಯ ಬೇಕಾಗುತ್ತದೆ.

ಅಡಿಗೆಮನೆಯ ಕಾಳನ್ನು ಹೀಗೆ ಪಾಠದ ಸಾಮಗ್ರಿಯಾಗಿ ಮಾಡಿದವರು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. ಶಿಶುವಿಹಾರದ ಕಲ್ಪನೆಯೂ ಅವರದೇ. ಚಿಕ್ಕ ಮಕ್ಕಳು ಮನೆಯಲ್ಲಿ ಕೈಯಾರೆ ಮಾಡುವ ಸಣ್ಣಪುಟ್ಟ ವಸ್ತುಗಳು, ಅಮ್ಮನ ಪಕ್ಕ ಕೂತು ಮಾಡುವ ಸುಲಭದ ಅಡಿಗೆ, ಇವಕ್ಕೂ ಒಂದು ಚರಿತ್ರೆಯಿದೆ ಎಂದರೆ ನೀವು ನಗಬಹುದು. ರಾಜರಿಲ್ಲ, ಯುದ್ಧಗಳಿಲ್ಲ. ಆದರೆ ಈ ಚರಿತ್ರೆಯಲ್ಲಿ ಒಂದು ಸರಕಾರ ಶಿಶುವಿಹಾರಗಳನ್ನೇ ನಿಷೇಧಿಸಿದೆ. ನಮ್ಮ ನೆರೆ ರಾಜ್ಯವೊಂದರಲ್ಲಿ ಇದೇ ವಿಷಯಕ್ಕೆ ಸರಕಾರವೊಂದು ನಡುಗಿದೆ. ಎಲ್ಲಕ್ಕೂ ಬುಡದಲ್ಲಿರುವ ಪ್ರಶ್ನೆ ಒಂದೇ: ಮಗು ಕೈಯಿಂದ ಮಾಡುವುದು ತಿಳಿದುಕೊಳ್ಳುವುದಕ್ಕೋ, ಅಥವಾ ತನ್ನ ಪಾಲಿಗೆ ಬಂದ ದುಡಿಮೆಗೆ ಒಗ್ಗಿಕೊಳ್ಳುವುದಕ್ಕೋ?

ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ತುರಿಂಗಿಯಾದ ಕಾಡುಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ದೊಡ್ಡವರಾದ ಮೇಲೆ ಕೆಲಕಾಲ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾಗಿದ್ದರು. ಹರಳುಗಳನ್ನು ನೋಡಿ, ಅಳೆದು, ವಿಂಗಡಿಸುವ ಕೆಲಸ. ಘನ, ಪಟ್ಟಕ, ಅಷ್ಟಮುಖಿ ಹೀಗೆ ಕಲ್ಲಿನೊಳಗೆ ಅಡಗಿರುವ ಜ್ಯಾಮಿತಿ ಅವರ ತಲೆಯಲ್ಲಿ ಕುಳಿತುಬಿಟ್ಟಿತು. ವಿಜ್ಞಾನ ಓದಿದವನಾದ್ದರಿಂದ ನನಗೆ ಈ ಸಂಗತಿ ವಿಶೇಷ ಪ್ರಿಯ. ಶಿಶುವಿಹಾರದ ಬೇರು ಒಂದು ಕಲ್ಲಿನ ಸಂಗ್ರಹಾಲಯದಲ್ಲಿದೆ! 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು.

ಅಲ್ಲಿ ಮಕ್ಕಳ ಕೈಗೆ ಬರುತ್ತಿದ್ದ ವಸ್ತುಗಳು ಎರಡು ಬಗೆಯವು. ಮೊದಲನೆಯ ಬಗೆಯನ್ನು ಫ್ರೋಬೆಲ್ 'ಕೊಡುಗೆಗಳು' ಎಂದು ಕರೆದರು: ಉಣ್ಣೆಯ ನೂಲಿನಿಂದ ಹೆಣೆದ ಆರು ಬಣ್ಣದ ಚೆಂಡುಗಳು, ಆಮೇಲೆ ಮರದ ಗೋಲ, ಘನ, ಸಿಲಿಂಡರು, ಆಮೇಲೆ ತುಂಡುತುಂಡಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾದ ಘನಗಳು. ಎರಡನೆಯ ಬಗೆ ಕೈಕಸುಬುಗಳು: ಕಾಗದ ಮಡಿಸುವುದು, ಕಾಗದದ ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವುದು, ರಟ್ಟಿಗೆ ಸೂಜಿಯಿಂದ ಚುಚ್ಚಿ ಚಿತ್ರ ಮೂಡಿಸುವುದು, ಜೇಡಿಮಣ್ಣು ಮೆತ್ತುವುದು, ನೆನೆಸಿದ ಬಟಾಣಿಗೆ ಕಡ್ಡಿ ಸಿಕ್ಕಿಸುವುದು. ಇವುಗಳಲ್ಲಿ ಬಹಳಷ್ಟನ್ನು ಫ್ರೋಬೆಲ್ ಶೂನ್ಯದಿಂದ ಸೃಷ್ಟಿಸಲಿಲ್ಲ. ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಆಡಿಸುವುದನ್ನು ಗಮನವಿಟ್ಟು ನೋಡಿದರು, ಅದಕ್ಕೊಂದು ಕ್ರಮ ಕೊಟ್ಟರು. ತಾಯಂದಿರ ಆಟದ ಹಾಡುಗಳ, ಬೆರಳಾಟಗಳ ಒಂದು ಪುಸ್ತಕವನ್ನೇ 1844ರಲ್ಲಿ ಹೊರತಂದರು.

ಸರಕಾರ ನಿಷೇಧಿಸಿದ್ದು ಇದನ್ನೇ. 1848ರ ಕ್ರಾಂತಿಯ ಬಿಸಿ ಆರದ ದಿನಗಳವು. ಮಕ್ಕಳ ತೋಟಗಳು ನಾಸ್ತಿಕತೆ ಮತ್ತು ಸಮಾಜವಾದವನ್ನು ಬಿತ್ತುತ್ತವೆ ಎಂದು ಪ್ರಷ್ಯಾ ಸರಕಾರ 1851ರಲ್ಲಿ ಅವನ್ನು ಮುಚ್ಚಿಸಿತು. ಫ್ರೋಬೆಲ್‌ರ ಸಂಬಂಧಿಯೊಬ್ಬರ ಬರಹಗಳನ್ನು ಅಧಿಕಾರಿಗಳು ಇವರದೆಂದು ತಿಳಿದದ್ದೂ ಒಂದು ಕಾರಣವೆನ್ನುತ್ತಾರೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಈ ಪದ್ಧತಿಯನ್ನು ಇಂಗ್ಲೆಂಡಿಗೆ, ಅಮೆರಿಕಕ್ಕೆ ಒಯ್ದಿದ್ದರು.

ಅಮೆರಿಕದಲ್ಲಿ ಅದರ ಫಲ ಏನಾಯಿತೆಂಬುದಕ್ಕೆ ಇಬ್ಬರ ಉದಾಹರಣೆ ಸಾಕು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಫ್ರೋಬೆಲ್ ಸಾಮಗ್ರಿಗಳನ್ನು ಕಂಡ ಒಬ್ಬ ತಾಯಿ ಅವನ್ನು ಮಗನಿಗೆ ತಂದುಕೊಟ್ಟಳು. ಆ ಮಗನೇ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳು ಮುದುಕನಾದ ಮೇಲೂ ತನ್ನ ಬೆರಳುಗಳಲ್ಲಿವೆ ಎಂದು ಅವರು ಬರೆದುಕೊಂಡಿದ್ದಾರೆ. ಇನ್ನೊಬ್ಬರು 1895ರಲ್ಲಿ ಹುಟ್ಟಿದ ಬಕ್‌ಮಿನ್‌ಸ್ಟರ್ ಫುಲ್ಲರ್. ಬಾಲ್ಯದಲ್ಲಿ ಅವರಿಗೆ ದೃಷ್ಟಿದೋಷವಿತ್ತು, ಕನ್ನಡಕ ಇನ್ನೂ ಬಂದಿರಲಿಲ್ಲ. ಶಿಶುವಿಹಾರದಲ್ಲಿ ಬಟಾಣಿ-ಕಡ್ಡಿ ಕೊಟ್ಟಾಗ ಉಳಿದ ಮಕ್ಕಳು ತಾವು ಕಂಡ ಮನೆಗಳಂತೆ ಚೌಕಾಕಾರಗಳನ್ನು ಕಟ್ಟಿದರು. ಮನೆಗಳನ್ನು ಸ್ಪಷ್ಟವಾಗಿ ಕಂಡೇ ಇರದ ಈ ಹುಡುಗ ಕೈಯಿಂದ ತಡವಿ ನೋಡಿ, ಯಾವುದು ಗಟ್ಟಿಯಾಗಿ ನಿಲ್ಲುತ್ತದೋ ಅದನ್ನು ಕಟ್ಟಿದ. ಅದು ತ್ರಿಕೋನಗಳ ಜಾಲವಾಗಿತ್ತು. ಈ ಕಥೆಯನ್ನು ಫುಲ್ಲರ್ ತಾವೇ ಹೇಳಿಕೊಂಡಿದ್ದಾರೆ. ತ್ರಿಕೋನಗಳನ್ನು ಹೆಣೆದು ಕಟ್ಟುವ ಜಿಯೋಡೆಸಿಕ್ ಗುಮ್ಮಟಕ್ಕೆ ಅವರು 1954ರಲ್ಲಿ ಪೇಟೆಂಟ್ ಪಡೆದರು. 1967ರ ಮಾಂಟ್ರಿಯಲ್ ಪ್ರದರ್ಶನದ ಅಮೆರಿಕನ್ ಮಂಟಪ ಅಂಥದೇ ಒಂದು ಗುಮ್ಮಟ.

ಆದರೆ ಎಲ್ಲ ಮಕ್ಕಳಿಗೂ ಇಂಥ ಭಾಗ್ಯ ಒದಗಲಿಲ್ಲ. ಪದ್ಧತಿ ಹರಡಿದಂತೆ ಅದರ ಜೀವ ಹಾರಿಹೋಯಿತು. ಶಿಕ್ಷಕಿ ಒಂದು ಎಂದರೆ ಎಲ್ಲರೂ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕು, ಎರಡು ಎಂದರೆ ಮೊದಲ ತುಂಡನ್ನು ಎತ್ತಬೇಕು. ಚುಕ್ಕಿಯಿಟ್ಟಲ್ಲೇ ಚುಚ್ಚಬೇಕು, ಗೆರೆ ಹಾಕಿದಲ್ಲೇ ಮಡಿಸಬೇಕು. ಕೈ ಕೆಲಸ ಮಾಡುತ್ತಿತ್ತು, ತಲೆ ರಜೆ ಹಾಕಿತ್ತು. ಇಂದಿಗೂ ಎಷ್ಟೋ ಶಾಲೆಗಳಲ್ಲಿ 'ಕ್ರಾಫ್ಟ್' ಎಂದರೆ ಅಂಗಡಿಯಿಂದ ತಂದ ಹಾಳೆಯ ಮೇಲೆ ಅಂಗಡಿಯಿಂದ ತಂದ ಆಕೃತಿ ಅಂಟಿಸುವುದು, ಅದನ್ನು ರಾತ್ರಿ ಹನ್ನೊಂದಕ್ಕೆ ಅಪ್ಪ ಅಮ್ಮ ಮಾಡಿ ಮುಗಿಸುವುದು. ನಮ್ಮ ದೂರದರ್ಶನ ವೃತ್ತಿಯೂ ಈ ದೋಷದಿಂದ ಹೊರತಲ್ಲ. ಕಿರುತೆರೆಯಲ್ಲಿ ಕೈಕೆಲಸ ತೋರಿಸುವಾಗ ಪೂರ್ತಿಯಾದ ವಸ್ತು ಮೇಜಿನ ಕೆಳಗೆ ಮೊದಲೇ ಸಿದ್ಧವಾಗಿರುತ್ತದೆ. ಹರಿದ ಕಾಗದ, ಒಡೆದ ಮಣ್ಣು, ನಿಲ್ಲದೆ ಬಿದ್ದ ಗೋಪುರ ಇವೆಲ್ಲ ಸಂಕಲನದಲ್ಲಿ ಹೋಗಿಬಿಡುತ್ತವೆ. ಕಲಿಕೆ ಇದ್ದದ್ದು ಅವುಗಳಲ್ಲೇ.

ಅಡಿಗೆ ಶಾಲೆಗೆ ಬಂದದ್ದು

ಈ ಯಾಂತ್ರಿಕತೆಯನ್ನು ಕಂಡು ಬೇಸತ್ತವರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಡ್ಯೂಯಿ ಮುಖ್ಯರು. 1896ರ ಜನವರಿಯಲ್ಲಿ, ಷಿಕಾಗೊ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರು 16 ಮಕ್ಕಳೊಂದಿಗೆ ಒಂದು ಪ್ರಯೋಗಶಾಲೆ ತೆರೆದರು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲ, ಶಾಲೆಯೇ ಪ್ರಯೋಗ. ಅಲ್ಲಿ ಹೊಲಿಗೆ, ನೇಯ್ಗೆ, ಮರಗೆಲಸದ ಜೊತೆಗೆ ಅಡಿಗೆಯೂ ಪಾಠವಾಗಿತ್ತು; ಹುಡುಗರಿಗೂ ಹುಡುಗಿಯರಿಗೂ.

ಮೊಟ್ಟೆಯ ಪಾಠವನ್ನು ನೋಡಿ. ಮೊಟ್ಟೆ ಬೇಯಿಸುವುದನ್ನು ಕಲಿಸಲು ನಮಗಾದರೆ ಒಂದು ವಾಕ್ಯ ಸಾಕು: ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡು. ಡ್ಯೂಯಿಯ ಶಾಲೆಯ ಮಕ್ಕಳು ಮೊದಲು ನೀರನ್ನೇ ಪರೀಕ್ಷಿಸಿದರು. ಯಾವಾಗ ನೀರು ಬಿಸಿಯಾಗಿ ಸುಡತೊಡಗುತ್ತದೆ, ಯಾವಾಗ ಸಣ್ಣಗೆ ಗುಳ್ಳೆ ಏಳುತ್ತವೆ, ಯಾವಾಗ ಕೊತಕೊತ ಕುದಿಯುತ್ತದೆ ಎಂದು ಗುರುತು ಮಾಡಿಕೊಂಡರು. ಆಮೇಲೆ ಒಂದೊಂದು ಹದದ ನೀರಿನಲ್ಲೂ ಮೊಟ್ಟೆಯ ಬಿಳಿಭಾಗ ಏನಾಗುತ್ತದೆಂದು ನೋಡಿದರು. ಅದು ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗಿ, 80 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಗಟ್ಟಿಯಾಗುತ್ತದೆ. ಮೊಟ್ಟೆ ಬೇಯಲು ನೀರು ಕುದಿಯಲೇಬೇಕೆಂದಿಲ್ಲ ಎಂಬುದನ್ನು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಒಂದು ದಿನ ಒಂದು ಮಗು ತಾಳ್ಮೆಗೆಟ್ಟು, ಈ ಕಷ್ಟವೆಲ್ಲ ಯಾಕೆ, ಅಡಿಗೆ ಪುಸ್ತಕ ನೋಡಿ ಮಾಡಿಬಿಡೋಣ ಎಂದಿತಂತೆ. ಶಿಕ್ಷಕಿ ಬೈಯಲಿಲ್ಲ. ಪುಸ್ತಕದಲ್ಲಿರುವ ವಿಧಾನ ಎಲ್ಲಿಂದ ಬಂತು ಎಂದು ತರಗತಿಯನ್ನೇ ಕೇಳಿದರು. 1899ರಲ್ಲಿ ಪ್ರಕಟವಾದ 'ದಿ ಸ್ಕೂಲ್ ಅಂಡ್ ಸೊಸೈಟಿ' ಎಂಬ ಪುಸ್ತಕದಲ್ಲಿ ಡ್ಯೂಯಿ ಈ ಪ್ರಸಂಗವನ್ನು ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಹತ್ತಿಯ ಪಾಠವೂ ಇದೆ. ಡ್ಯೂಯಿ ತಾವೂ ಮಕ್ಕಳ ಗುಂಪಿನಲ್ಲಿ ಕುಳಿತು ಅರ್ಧ ಗಂಟೆ ಹತ್ತಿಯಿಂದ ಬೀಜ ಬಿಡಿಸಿದರು. ಸಿಕ್ಕಿದ ಅರಳೆ ಒಂದು ಔನ್ಸೂ ಇರಲಿಲ್ಲ, ಅಂದರೆ 28 ಗ್ರಾಮಿಗಿಂತ ಕಡಿಮೆ. ಬೀಜ ಬಿಡಿಸುವ ಯಂತ್ರ ಬರುವ ಮುಂಚೆ ತಮ್ಮ ಪೂರ್ವಿಕರು ಹತ್ತಿ ಬಿಟ್ಟು ಉಣ್ಣೆಯನ್ನೇ ಏಕೆ ಉಡುತ್ತಿದ್ದರು ಎಂಬುದು ಮಕ್ಕಳಿಗೆ ಅರ್ಥವಾಯಿತು. ಇತಿಹಾಸವನ್ನು ಹೀಗೂ ಓದಬಹುದು.

ನಮ್ಮ ಅಡಿಗೆಮನೆಗಳಲ್ಲಿ ಇಂಥ ಜ್ಞಾನಕ್ಕೆ ಕೊರತೆಯಿಲ್ಲ. ಅಜ್ಜಿ ಅನ್ನದ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ಇಡೀ ಪಾತ್ರೆಯ ಹದ ಹೇಳುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮಾದರಿ ಪರೀಕ್ಷೆ ಎಂದು ಹೆಸರು. ಬೆಲ್ಲದ ಪಾಕವನ್ನು ಎಳೆ ಪಾಕ, ಉಂಡೆ ಪಾಕ ಎಂದು ಹೆಸರಿಟ್ಟು ಗುರುತಿಸುತ್ತಾರೆ. ನೀರು ಆವಿಯಾಗುತ್ತ ಹೋದಂತೆ ಪಾಕದ ಕುದಿಯುವ ಬಿಂದು ನೂರು ಡಿಗ್ರಿ ದಾಟಿ ಏರುತ್ತದೆ. ನೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತನೆಯ ಉಂಡೆಯಾಗುವಾಗ ಅದು ಸುಮಾರು 115 ಡಿಗ್ರಿಯಲ್ಲಿರುತ್ತದೆ. ಬಟ್ಟಲು ನೀರೇ ಅಜ್ಜಿಯ ಥರ್ಮಾಮೀಟರು. (ಕುದಿಯುವ ಪಾಕದ ಹತ್ತಿರ ಚಿಕ್ಕ ಮಕ್ಕಳನ್ನು ಬಿಡಬೇಡಿ. ಅದು ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.) ಆದರೆ ಅಜ್ಜಿಯ ಈ ತಿಳಿವನ್ನು ನಾವು ವಿಜ್ಞಾನ ಎನ್ನಲಿಲ್ಲ, ಅಭ್ಯಾಸ ಎಂದೆವು. ಆಕೆಯನ್ನು ಯಾರೂ ಯಾಕೆ ಎಂದು ಕೇಳಲಿಲ್ಲ.

ಇಟಲಿಯ ಮರಿಯಾ ಮಾಂಟೆಸರಿಯವರ ಹೆಸರು ನಿಮಗೆಲ್ಲ ಗೊತ್ತು. 1907ರ ಜನವರಿ 6ರಂದು ರೋಮಿನ ಬಡವರ ಬಡಾವಣೆಯೊಂದರಲ್ಲಿ ಅವರ ಮೊದಲ ಮಕ್ಕಳ ಮನೆ ಆರಂಭವಾಯಿತು. ನೀರು ಸುರಿಯುವುದು, ತೊಳೆಯುವುದು, ಊಟ ಬಡಿಸುವುದು ಅಲ್ಲಿ ಪಾಠಗಳೇ. ನಾಲ್ಕು ವರ್ಷದ ಮಗು ಬಿಸಿ ಸಾರಿನ ಪಾತ್ರೆಯನ್ನು ತುಳುಕಿಸದೆ ಹೊತ್ತು ತರುವುದನ್ನು ಕಂಡು ಸಂದರ್ಶಕರು ಬೆರಗಾಗುತ್ತಿದ್ದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧ ಶುರುವಾಗಿ ಹಲವು ವರ್ಷ ಭಾರತದಲ್ಲೇ ಉಳಿಯಬೇಕಾಯಿತು. ಇಂದು ನಮ್ಮ ನಗರಗಳಲ್ಲಿ ಅವರ ಹೆಸರಿನ ಫಲಕಗಳು ಬೇಕಾದಷ್ಟಿವೆ. ಫಲಕದ ಹಿಂದೆ ಏನಿದೆ ಎಂಬುದನ್ನು ನೀವೇ ಹೋಗಿ ನೋಡಿ.

ಎರೆಮಣ್ಣಿನ ಪಾಠ

ಶಾಲೆಗಳ ಮಾತು ಹಾಗಿರಲಿ, ನಮ್ಮ ನಾಡಿನ ಮನೆಗಳಿಗೆ ಬರೋಣ. ಉತ್ತರ ಕರ್ನಾಟಕದ ವಿದ್ಯಾರ್ಥಿಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ವಿವರಿಸಬೇಕಾಗಿಲ್ಲ. ಮುಂಗಾರಿನ ಹೊಸ್ತಿಲಲ್ಲಿ, ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು, ಮಕ್ಕಳು ಜಿಗುಟು ಮಣ್ಣು ತಂದು ಕಲಸಿ ಜೋಡೆತ್ತು ಮಾಡುತ್ತಾರೆ, ಮುಂದೊಂದು ಗೋದಲಿ ಇಡುತ್ತಾರೆ. ದೊಡ್ಡವರು ಅದಕ್ಕೆ ಪೂಜೆ ಮಾಡುತ್ತಾರೆ. ಮಗು ಮಾಡಿದ ಸೊಟ್ಟ ಎತ್ತಿಗೆ ಹಿರಿಯರು ಕೈಮುಗಿಯುತ್ತಾರೆ ಎಂಬುದನ್ನು ಸ್ವಲ್ಪ ಯೋಚಿಸಿ.

ಎತ್ತು ಮಾಡಿದವರಿಗೆ ಗೊತ್ತು, ಕೊಂಬು ಸುಲಭಕ್ಕೆ ನಿಲ್ಲುವುದಿಲ್ಲ. ಬೇರೆಯಾಗಿ ಮಾಡಿ ಅಂಟಿಸಿದ ಕೊಂಬು ಒಣಗಿದಾಗ ಉದುರುತ್ತದೆ. ತಲೆಯ ಮಣ್ಣಿನಿಂದಲೇ ಎಳೆದು ತೆಗೆದದ್ದು ಉಳಿಯುತ್ತದೆ. ತೆಳುವಾದ ಕೊಂಬು ಬೇಗ ಒಣಗಿ ಕುಗ್ಗುತ್ತದೆ, ದಪ್ಪ ತಲೆ ನಿಧಾನವಾಗಿ ಕುಗ್ಗುತ್ತದೆ. ಬಿರುಕು ಬಿಡುವುದು ಇವೆರಡೂ ಸೇರುವಲ್ಲೇ. ಎರೆಮಣ್ಣಿನ ಕಣಗಳು ನೀರು ಕುಡಿದು ಉಬ್ಬುವ ಬಗೆಯವು, ಒಣಗಿದಾಗ ಅಷ್ಟೇ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದೂ ಇದೇ ಕಾರಣಕ್ಕೆ. ರೈತನ ಮಗು ತನ್ನ ಹೊಲದ ಸ್ವಭಾವವನ್ನು ಅಂಗೈಯಲ್ಲಿ ಕಲಿಯುತ್ತಿತ್ತು.

ಹಳೆಯ ಮೈಸೂರಿನ ಕಡೆ ದಸರೆಯ ಬೊಂಬೆ ಹಬ್ಬವಿದೆ. ಪಟ್ಟದ ಬೊಂಬೆ ದೊಡ್ಡವರ ಕೈಯಲ್ಲಿ, ಆದರೆ ಕೆಳಗಿನ ಮೆಟ್ಟಿಲ ಮುಂದಿನ ಊರು ಮಕ್ಕಳದು. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ನಾಲ್ಕಾರು ದಿನಕ್ಕೆ ಹಸಿರು ಮೈದಾನ ಸಿದ್ಧ. ಬೆಂಕಿಪೊಟ್ಟಣದ ಮನೆ, ಕನ್ನಡಿ ಚೂರಿನ ಕೆರೆ. ಸಂಜೆ ಬೊಂಬೆ ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನವೆಂದು ಪ್ರತಿದಿನ ಒಂದೊಂದು ತಿಂಡಿ. ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಬೆಲ್ಲ ಹೆಚ್ಚುವುದರಲ್ಲೂ ಮಕ್ಕಳ ಪಾಲಿದೆ. ಇವನ್ನೆಲ್ಲ ನೆನೆದು ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು ಎಂದು ಹಾಡಿಹೊಗಳುವುದು ಸುಲಭ. ನಾನು ಹಾಗೆ ಮಾಡಲಾರೆ. ಹಬ್ಬದ ದಿನ ಹಿಟ್ಟಿನಲ್ಲಿ ಆಡಿದ ಹುಡುಗ ಮರುದಿನ ಆಟದ ಬಯಲಿಗೆ ಹೋದ. ಹುಡುಗಿ ಒಲೆಯ ಮುಂದೆಯೇ ಉಳಿದಳು. ಮಣ್ಣು ಹಬ್ಬದ ದಿನ ಎಲ್ಲ ಮಕ್ಕಳಿಗೆ ಆಟ, ಕುಂಬಾರರ ಮಗುವಿಗೆ ವರ್ಷವಿಡೀ ದುಡಿಮೆ. ಆ ದುಡಿಮೆಯಲ್ಲಿದ್ದ ವಿದ್ಯೆಗೆ ಶಾಲೆ ಒಂದು ಅಂಕವನ್ನೂ ಕೊಡಲಿಲ್ಲ.

ಗಾಂಧೀಜಿಯವರಿಗೆ ನೋವು ತಂದದ್ದು ಈ ಬಿರುಕೇ. 1910ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿ ಆಳುಗಳೇ ಇರಲಿಲ್ಲ. ಅಡಿಗೆಯಿಂದ ಕಕ್ಕಸು ಶುಚಿಯವರೆಗೆ ಎಲ್ಲವೂ ಅಲ್ಲಿ ವಾಸವಿದ್ದವರದೇ. ಶಿಕ್ಷಕರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬುದು ನಿಯಮ. ಭಾರತಕ್ಕೆ ಮರಳಿದ 1915ರಲ್ಲಿ ಅವರು ಶಾಂತಿನಿಕೇತನಕ್ಕೆ ಹೋದಾಗ ಅಲ್ಲಿ ಸಂಬಳದ ಅಡಿಗೆಯವರಿದ್ದರು. ಅಧ್ಯಾಪಕರೂ ಹುಡುಗರೂ ತಮ್ಮ ಅಡಿಗೆಯನ್ನು ತಾವೇ ಏಕೆ ಮಾಡಿಕೊಳ್ಳಬಾರದು ಎಂದು ಗಾಂಧೀಜಿ ಕೇಳಿದರು. ರವೀಂದ್ರನಾಥ ಟಾಗೋರರು ಒಪ್ಪಿದರು. ಮಾರ್ಚ್ 10ರಂದು ಪ್ರಯೋಗ ಆರಂಭವಾಯಿತು. 125 ಹುಡುಗರು. ಒಂದು ತಂಡ ತರಕಾರಿ ಹೆಚ್ಚಿತು, ಒಂದು ಧಾನ್ಯ ಹಸನು ಮಾಡಿತು, ಒಂದು ದೊಡ್ಡ ದೊಡ್ಡ ಪಾತ್ರೆಗಳನ್ನು ಉಜ್ಜಿತು. ಪಾತ್ರೆ ಉಜ್ಜುವವರ ಬೇಸರ ಕಳೆಯಲು ಕೆಲವರು ಪಕ್ಕದಲ್ಲಿ ಕುಳಿತು ಸಿತಾರ್ ನುಡಿಸಿದರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಬಹಳ ಸೊಗಸಾಗಿ ವರ್ಣಿಸಿ, ಸ್ವಲ್ಪ ಕಾಲದ ನಂತರ ಪ್ರಯೋಗ ನಿಂತುಹೋಯಿತೆಂದೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಶಾಂತಿನಿಕೇತನದಲ್ಲಿ ಮಾರ್ಚ್ 10ನ್ನು ಗಾಂಧಿ ಪುಣ್ಯಾಹ ಎಂದು ಆಚರಿಸುವ ಪದ್ಧತಿ ಬೆಳೆದುಬಂತು. ಆ ಒಂದು ದಿನ ಅಡಿಗೆಯವರಿಗೆ, ಕಸ ಗುಡಿಸುವವರಿಗೆ ರಜೆ. ಅವರ ಕೆಲಸವನ್ನು ವಿದ್ಯಾರ್ಥಿಗಳು, ಅಧ್ಯಾಪಕರು ಮಾಡುತ್ತಾರೆ.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಡಾ. ಜಾಕೀರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿ ಮೂಲ ಶಿಕ್ಷಣದ ಯೋಜನೆ ಸಿದ್ಧಪಡಿಸಿತು. ಐದೂವರೆ ಗಂಟೆಯ ಶಾಲಾ ದಿನದಲ್ಲಿ 3 ಗಂಟೆ 20 ನಿಮಿಷ ಕೈಕಸುಬಿಗೆ! ನೂಲುತ್ತ ಗಣಿತ, ನೇಯುತ್ತ ಭೂಗೋಳ. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಶಿಕ್ಷಕರ ಸಂಬಳದ ಖರ್ಚು ಹುಟ್ಟಬೇಕೆಂಬುದು ಗಾಂಧೀಜಿಯವರ ಆಸೆ. ಬಡ ದೇಶದ ಎಲ್ಲ ಮಕ್ಕಳಿಗೂ ಶಾಲೆ ಬೇಕಾದರೆ ಬೇರೆ ದಾರಿ ಅವರಿಗೆ ಕಾಣಲಿಲ್ಲ. ಅಪಾಯವಿದ್ದದ್ದೂ ಇಲ್ಲೇ. ಹಣದ ಲೆಕ್ಕ ಮುಂದಾಗಿ ಶಿಕ್ಷಣ ಹಿಂದಾದೀತು ಎಂದು ಸಮಿತಿಯೇ ತನ್ನ ವರದಿಯಲ್ಲಿ ಎಚ್ಚರಿಸಿತ್ತು. ತಾನು ಉರುಳಿಸುವ ತಕಲಿ ಯಾಕೆ ತಿರುಗುತ್ತದೆ ಎಂದು ಕೇಳುವ ಮಗು ಆ ಗಳಿಗೆಯಲ್ಲಿ ನೂಲುವುದನ್ನು ನಿಲ್ಲಿಸುತ್ತದೆ. ನೂಲಿನ ಉದ್ದಕ್ಕೆ ಲೆಕ್ಕವಿಟ್ಟ ಶಾಲೆಯಲ್ಲಿ ಆ ಪ್ರಶ್ನೆ ನಷ್ಟದ ಬಾಬತ್ತು.

ಮದರಾಸಿನಲ್ಲಿ ನಡೆದದ್ದು

ಈ ಚರಿತ್ರೆಯ ಅತ್ಯಂತ ಕಹಿ ಪ್ರಕರಣ ಮುಂದಿನದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಸಿ. ರಾಜಗೋಪಾಲಾಚಾರಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ 1956ರ ನವೆಂಬರ್ 1ರವರೆಗೆ ಆ ರಾಜ್ಯದಲ್ಲೇ ಇತ್ತು. ಶಾಲೆಗಳು ಸಾಲವು, ಶಿಕ್ಷಕರು ಸಾಲರು, ಹಣವಂತೂ ಇಲ್ಲ. ರಾಜಾಜಿ ಒಂದು ಉಪಾಯ ಮಾಡಿದರು. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಮೂರು ಗಂಟೆ ಪಾಠ. ಹೀಗೆ ಎರಡು ಪಾಳಿ ನಡೆದರೆ ಅದೇ ಕಟ್ಟಡ, ಅದೇ ಶಿಕ್ಷಕರು ಎರಡರಷ್ಟು ಮಕ್ಕಳಿಗೆ ಸಾಕಾಗುತ್ತಾರೆ. ಉಳಿದ ಹೊತ್ತು ಹುಡುಗರು ಮನೆಯಲ್ಲಿ ತಂದೆಯ ಕಸುಬನ್ನು, ಹುಡುಗಿಯರು ತಾಯಿಯಿಂದ ಮನೆಗೆಲಸವನ್ನು ಕಲಿಯಲಿ.

ಓದುವಾಗ ಎಷ್ಟು ಸಹಜವಾಗಿ ಕೇಳಿಸುತ್ತದೆ ನೋಡಿ! ಫ್ರೋಬೆಲ್ ಹೇಳಿದ್ದೂ ಮನೆಯ ಕೈಕೆಲಸದ ಬೆಲೆಯನ್ನೇ ಅಲ್ಲವೆ? ಆದರೆ ಜಾತಿಯಿಂದ ಕಸುಬು ನಿಗದಿಯಾದ ಸಮಾಜದಲ್ಲಿ 'ತಂದೆಯ ಕಸುಬು' ಎಂಬ ಎರಡು ಪದಗಳ ಅರ್ಥವೇ ಬೇರೆ. ಗುಮಾಸ್ತರ ಮಗ ಮನೆಗೆ ಹೋಗಿ ಮತ್ತೆ ಪುಸ್ತಕ ಹಿಡಿಯುತ್ತಾನೆ, ಅಗಸರ ಮಗ ಮನೆಗೆ ಹೋಗಿ ಬಟ್ಟೆಯ ಗಂಟು ಹೊರುತ್ತಾನೆ. ಪೆರಿಯಾರ್ ಅವರೂ ದ್ರಾವಿಡ ಪಕ್ಷಗಳೂ ಇದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಬೀದಿಗಿಳಿದರು. ಆಡಳಿತ ಪಕ್ಷದೊಳಗೂ ವಿರೋಧ ಎದ್ದಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಮುಖ್ಯಮಂತ್ರಿಯಾದ ಕಾಮರಾಜರು ಯೋಜನೆಯನ್ನು ರದ್ದುಮಾಡಿದರು. ಕಾಮರಾಜರೇ ಬಡತನದಿಂದ ಅರ್ಧಕ್ಕೆ ಶಾಲೆ ಬಿಟ್ಟವರು.

ರಾಜಾಜಿಯವರ ಉದ್ದೇಶ ಕೆಟ್ಟದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ವಿರೋಧಿಸಿದವರು ಸರಿಯಾಗಿದ್ದರು ಎಂಬುದು ನನ್ನ ಅಭಿಪ್ರಾಯ. ಕೈಕೆಲಸ ಎಲ್ಲ ಮಕ್ಕಳಿಗೂ ಒಂದೇ ಮೇಜಿನ ಮೇಲೆ ಸಿಗಬೇಕು. ಕುಂಬಾರರ ಮಗಳಿಗೆ ಸೂಕ್ಷ್ಮದರ್ಶಕ, ವಕೀಲರ ಮಗನಿಗೆ ತಿಗರಿ, ಹಾಗೆಂದು ಯಾವ ಯೋಜನೆಯೂ ಬರೆದಿರಲಿಲ್ಲ. ಆಮೇಲೆ ಬಂದ ಕಾರ್ಯಾನುಭವ, 1977ರ ನಂತರ ಬಂದ ಎಸ್.ಯು.ಪಿ.ಡಬ್ಲ್ಯು. ಇವುಗಳ ಕಥೆ ಚಿಕ್ಕದು. ವೇಳಾಪಟ್ಟಿಯ ಕೊನೆಯ ಪೀರಿಯಡ್ಡಿನಲ್ಲಿ ಅವು ಮಲಗಿದವು.

ಎಲ್ಲ ಕಡೆಯೂ ಹೀಗಾಗಲಿಲ್ಲ. ವಕೀಲಿಕೆ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿಗೆ ಬಂದರು. ಹಿಂದುಳಿದ ಕೇರಿಯ ಮಕ್ಕಳು ಶಾಲೆಗೆ ಬರಲಿಲ್ಲ. ಸರಿ, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ವಿದೇಶಿ ಸಾಮಗ್ರಿಯ ಜಾಗದಲ್ಲಿ ಬೆಣಚುಕಲ್ಲು, ಎಲೆ, ಬೀಜ, ಜೇಡಿಮಣ್ಣು. ದನ ಕಾಯುವ ಮಕ್ಕಳಿಗೆ ದನ ಮೇಯುವ ಬಯಲಲ್ಲೇ ಶಾಲೆ. ಜೊತೆಗಿದ್ದವರು ಅನುತಾಯಿ ವಾಘ್. ಅಂಗನವಾಡಿ ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿ. ಕೇಂದ್ರ ಸರಕಾರದ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಆ ಹೆಸರೇ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ.

ಇನ್ನೊಂದು ಪ್ರಯೋಗ ಮಧ್ಯಪ್ರದೇಶದ ಹೋಶಂಗಾಬಾದಿನದು. 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ, ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಪುಣೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ಒಂದು ವರ್ಷದ ರಜೆ ಹಾಕಿ ಅಲ್ಲಿಗೆ ಹೋದರು. ಹಳ್ಳಿಯ ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್ವ್ ಟ್ಯೂಬನ್ನು ಸಣ್ಣ ಸಣ್ಣ ತುಂಡು ಮಾಡಿ, ಎರಡು ತುದಿಗೂ ಬೆಂಕಿಕಡ್ಡಿ ಸಿಕ್ಕಿಸಿದರು. ಚೌಕ ವಾಲಿತು, ತ್ರಿಕೋನ ನಿಂತಿತು! ತುರಿಂಗಿಯಾದ ಬಟಾಣಿಯ ಜಾಗದಲ್ಲಿ ರಬ್ಬರು ಬಂದಿತ್ತು, ಅಷ್ಟೆ. ಕಸದಿಂದ ಆಟಿಕೆ ಮಾಡುವ ಅವರ ಕಾರ್ಯಕ್ರಮಗಳು ದೂರದರ್ಶನದಲ್ಲೂ ಪ್ರಸಾರವಾದವು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮವನ್ನು ಮಾತ್ರ ರಾಜ್ಯ ಸರಕಾರ 2002ರಲ್ಲೇ ನಿಲ್ಲಿಸಿಬಿಟ್ಟಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದ ಅವಧಿ ಇರಬೇಕು, ಆಗ ಅವರು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕು ಎಂದಿದೆ. ನಿಮ್ಮ ಶಾಲೆಯಲ್ಲಿ ಅದು ನಡೆದರೆ ಒಂದು ಸಂಗತಿಯನ್ನು ಗಮನಿಸಿ. ಶಾಲೆಗೆ ಬಂದ ಕುಂಬಾರರು ಎಲ್ಲಿ ಕೂರುತ್ತಾರೆ, ಅವರನ್ನು ಮಕ್ಕಳು ಏನೆಂದು ಕರೆಯುತ್ತಾರೆ.

ಈ ಭಾನುವಾರಕ್ಕೆ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿ ನಾಲ್ಕೈದು ವರ್ಷದ ತಮ್ಮನೋ ತಂಗಿಯೋ ಇದ್ದರೆ ಜೊತೆಗೆ ಕೂರಿಸಿಕೊಂಡು ಹೆಸರುಬೇಳೆ ಕೋಸಂಬರಿ ಮಾಡಿ. ಬೆಂಕಿ ಬೇಡ, ಒಗ್ಗರಣೆ ಬೇಕೆಂದರೆ ದೊಡ್ಡವರು ಹಾಕಲಿ. ಬೇಳೆಯನ್ನು ಒಂದು ಲೋಟದಲ್ಲಿ ಅಳೆದು ಗಂಟೆ ಹೊತ್ತು ನೆನೆಸಿ, ಬಸಿದು ಮತ್ತೆ ಅದೇ ಲೋಟದಲ್ಲಿ ಅಳೆಯಲು ಮಗುವಿಗೇ ಹೇಳಿ. ಕೊತ್ತಂಬರಿ ಸೊಪ್ಪು ಬಿಡಿಸುವುದು, ನಿಂಬೆಹಣ್ಣು ಹಿಂಡುವುದು ಅದರ ಕೆಲಸ. ಸೌತೆಕಾಯಿ ಹೆಚ್ಚುವುದು ನಿಮ್ಮದು. ಹೆಚ್ಚಿದ್ದನ್ನು ಎರಡು ಬಟ್ಟಲು ಮಾಡಿ, ಒಂದಕ್ಕೆ ಮಾತ್ರ ಉಪ್ಪು ಬೆರೆಸಿ ಕಾಲು ಗಂಟೆ ಬಿಡಿ. ಉಪ್ಪು ಹಾಕಿದ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕು ಎಂದು ಅಮ್ಮ ಏಕೆ ಹೇಳುತ್ತಾರೆಂದು ಮಗು ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ.

ಊಟವಾದ ಮೇಲೆ ಮನೆಯ ಹಿರಿಯರನ್ನು, ಅಜ್ಜಿಯನ್ನೂ ಅಜ್ಜನನ್ನೂ ಬೇರೆ ಬೇರೆಯಾಗಿ, ಕೇಳಿ: ನೀವು ಮೊದಲ ಸಲ ಒಲೆ ಹಚ್ಚಿದಾಗ ನಿಮಗೆ ಎಷ್ಟು ವರ್ಷ? ಕಲಿಸಿದವರು ಯಾರು? ಆ ದಿನ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಏನು ಮಾಡುತ್ತಿದ್ದರು? ಎಷ್ಟನೆಯ ತರಗತಿಗೆ ಶಾಲೆ ಬಿಟ್ಟಿರಿ? ಉತ್ತರಗಳನ್ನು ಅವರದೇ ಮಾತಿನಲ್ಲಿ, ಇಸವಿ ಸಹಿತ ಬರೆದಿಟ್ಟುಕೊಳ್ಳಿ.